ಹಳೇ ಡೋಜರ್ ಸೆಲ್ಫ್ ತಗೊಳ್ತಿಲ್ಲವೇ? ಬ್ಯಾಟರಿಯಿಂದ ಶುರು ಮಾಡಿ

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಯುಗಾದಿ ಕಳೆದು ಮೊದಲ ಹದ ಮಳೆ ಬೀಳುವ ತನಕ ಅಂತರಘಟ್ಟೆ, ಅಜ್ಜಂಪುರ, ತರೀಕೆರೆ, ಕಡೂರು ಕಡೆಯ ಹೊಲಗಳಲ್ಲಿ ಮಣ್ಣಿನ ಕೆಲಸದ ಕಾಲ. ಬದು ಹಾಕುವುದು, ಏರುತಗ್ಗು ಸಮ ಮಾಡುವುದು, ಕೆರೆಗೋಡು ಹರಡುವುದು, ತೋಟಕ್ಕೆ ದಾರಿ ಬಿಡಿಸುವುದು ಎಲ್ಲ ಆಗಲೇ ಮುಗಿಯಬೇಕು. ಹಿಂದೆ ಈ ಕೆಲಸಕ್ಕೆ ಎತ್ತು, ಗುದ್ದಲಿ, ಮಂಕರಿ ಇದ್ದವು. ಈಗ ಮುಂದೆ ಬ್ಲೇಡ್ ಕಟ್ಟಿದ ಡೋಜರ್ ಟ್ರ್ಯಾಕ್ಟರ್, ಚೈನ್ ಮೇಲೆ ನಡೆಯುವ ಸಣ್ಣ ಬುಲ್ಡೋಜರ್ ಬಂದಿವೆ. ಹೊಸ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು. ಹಾಗಾಗಿ ನಮ್ಮಂಥವರ ಮನೆಗೆ ಬರುವುದು ಸಾಮಾನ್ಯವಾಗಿ ಸೆಕೆಂಡ್ ಹ್ಯಾಂಡ್ ಗಾಡಿಯೇ.

ಹಳೇ ಗಾಡಿಯ ಮೊದಲ ತಕರಾರು ಯಾವುದು ಎಂದು ಯಾರನ್ನೇ ಕೇಳಿ, "ಬೆಳಿಗ್ಗೆ ಎದ್ದು ಕೀ ತಿರುಗಿಸಿದರೆ ಸ್ಟಾರ್ಟೇ ಆಗಲ್ಲ" ಅನ್ನುತ್ತಾರೆ. ಈ ಪಾಠ ಅದರ ಬಗ್ಗೆ.

1. ಇದು ಹೆಂಗಸರಿಗೆ ಯಾಕೆ?

"ಗಾಡಿ ವಿಷಯ ಗಂಡಸರದ್ದು, ನಮಗ್ಯಾಕೆ?" ಎಂದು ಕೆಲವರು ಕೇಳಬಹುದು. ಆದರೆ ಗಾಡಿ ಕೊಳ್ಳಲು ಸಂಘದಿಂದ ಸಾಲ ತೆಗೆದವರು ನಾವು. ತಿಂಗಳ ಕಂತು ಕಟ್ಟುವವರು ನಾವು. ಕಂತು ತಪ್ಪಿದರೆ ಸಭೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದವರೂ ನಾವೇ. ದುಡ್ಡು ನಮ್ಮದಾದ ಮೇಲೆ ಯಂತ್ರದ ಬಗ್ಗೆ ನಾಲ್ಕು ಮಾತು ತಿಳಿದಿರಲೇಬೇಕು.

ಒಂದು ಲೆಕ್ಕ ಹಾಕೋಣ. ಒಬ್ಬ ಸದಸ್ಯೆಯ ಮನೆಯ ಡೋಜರ್ ಗಂಟೆಗೆ 1,000 ರೂಪಾಯಿ ಬಾಡಿಗೆಗೆ ದಿನಕ್ಕೆ 6 ಗಂಟೆ ಓಡುತ್ತದೆ ಎಂದುಕೊಳ್ಳಿ. ಮೂರು ದಿನ ನಿಂತರೆ 18,000 ರೂಪಾಯಿ ಬಾಡಿಗೆ ಹೋಯಿತು. ಡ್ರೈವರ್ ಬಟ್ಟೆ ಬೇರೆ. ಮೆಕ್ಯಾನಿಕ್ ಬಂದು ಅಂದಾಜಿನ ಮೇಲೆ ಬ್ಯಾಟರಿ ಬದಲಿಸಿ ಅಂದರು, ಬದಲಿಸಿದೆವು, ಆಗಲಿಲ್ಲ. ಸೆಲ್ಫ್ ಬದಲಿಸಿ ಅಂದರು, ಬದಲಿಸಿದೆವು, ಆಗಲಿಲ್ಲ. ಕೊನೆಗೆ ನೋಡಿದರೆ ತಪ್ಪಿದ್ದದ್ದು ತುಕ್ಕು ಹಿಡಿದ ಒಂದು ಅರ್ಥಿಂಗ್ ತಂತಿಯಲ್ಲಿ. ಅದನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡಲು ಬೇಕಾದದ್ದು ಅರ್ಧ ಗಂಟೆ ಮತ್ತು ಒಂದು ಉಪ್ಪು ಕಾಗದ.

ಇದು ಲೆಕ್ಕಕ್ಕೆ ಹೇಳಿದ ಉದಾಹರಣೆ. ಆದರೆ ಇಂಥದ್ದು ಊರೂರಲ್ಲಿ ನಡೆಯುತ್ತದೆ. ಆದ್ದರಿಂದ ಈ ಪಾಠದ ಸಾರ ಇಷ್ಟೇ: ಅಂದಾಜಿನ ಮೇಲೆ ಸಾಮಾನು ಬದಲಿಸಬೇಡಿ. ಕರೆಂಟು ಎಲ್ಲಿಂದ ಹೊರಡುತ್ತದೋ ಅಲ್ಲಿಂದ ಶುರು ಮಾಡಿ, ಅದು ಹೋಗುವ ದಾರಿಯಲ್ಲೇ ಒಂದೊಂದು ಹೆಜ್ಜೆ ನೋಡಿಕೊಂಡು ಹೋಗಿ. ಮನೆಯ ನಲ್ಲಿಯಲ್ಲಿ ನೀರು ಬರದಿದ್ದರೆ ನಲ್ಲಿ ಕಿತ್ತು ಹೊಸದು ಹಾಕುತ್ತೇವೆಯೇ? ಟ್ಯಾಂಕಿನಲ್ಲಿ ನೀರಿದೆಯೇ, ವಾಲ್ವ್ ತೆರೆದಿದೆಯೇ, ಪೈಪ್ ಎಲ್ಲಾದರೂ ಒಡೆದಿದೆಯೇ ಎಂದು ನೋಡುತ್ತೇವೆ. ಇಲ್ಲೂ ಅದೇ ಬುದ್ಧಿ.

2. ಕರೆಂಟು ಹೋಗುವ ದಾರಿ

ಮೊದಲು ಗಾಡಿಗಳನ್ನು ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುತ್ತಿದ್ದರು. ಹ್ಯಾಂಡಲ್ ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರೂ ಇದ್ದರು. 1911ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬುವರು ಕಾರಿಗೆ ವಿದ್ಯುತ್ ಸ್ಟಾರ್ಟರ್ ಮಾಡಿ ತೋರಿಸಿದರು. ನಾವು "ಸೆಲ್ಫ್" ಅನ್ನುವುದು ಇದನ್ನೇ. ಹಳೇ ಕಾಲದ ದೊಡ್ಡ ಡೀಸೆಲ್ ಬುಲ್ಡೋಜರ್‌ಗಳಲ್ಲಂತೂ ದೊಡ್ಡ ಇಂಜಿನ್ ತಿರುಗಿಸಲು ಪಕ್ಕದಲ್ಲೇ ಒಂದು ಸಣ್ಣ ಪೆಟ್ರೋಲ್ ಇಂಜಿನ್ ಇಡುತ್ತಿದ್ದರು. ಈಗ ಆ ಕೆಲಸವನ್ನು ಬ್ಯಾಟರಿ ಮತ್ತು ಸೆಲ್ಫ್ ಮಾಡುತ್ತವೆ. ನಮ್ಮ ರಾಜ್ಯದ ಕೆಜಿಎಫ್‌ನಲ್ಲಿ ಬಿಇಎಂಎಲ್ ತಯಾರಿಸುವ ದೊಡ್ಡ ಬುಲ್ಡೋಜರ್ ಇರಲಿ, ನಮ್ಮ ಊರಿನ ಡೋಜರ್ ಟ್ರ್ಯಾಕ್ಟರ್ ಇರಲಿ, ಸೆಲ್ಫ್ ಹೊಡೆಯುವ ಕ್ರಮದ ಮೂಲ ಒಂದೇ.

ಇಲ್ಲಿ ಎರಡು ದಾರಿ ಇವೆ.

*ದಪ್ಪ ದಾರಿ:* ಬ್ಯಾಟರಿಯ ಪ್ಲಸ್‌ನಿಂದ ದಪ್ಪ ಕೇಬಲ್ ಸೆಲ್ಫ್‌ಗೆ ಹೋಗುತ್ತದೆ. ಸೆಲ್ಫ್‌ನ ಮೈಯಿಂದ ಇಂಜಿನ್, ಚಾಸಿ ಮೂಲಕ ಅರ್ಥಿಂಗ್ ಕೇಬಲ್‌ಗೆ ಬಂದು ಬ್ಯಾಟರಿಯ ಮೈನಸ್‌ಗೆ ವಾಪಸ್ ಸೇರುತ್ತದೆ. ಹೋದ ಕರೆಂಟು ಮನೆಗೆ ಮರಳಲೇಬೇಕು. ಮರಳುವ ದಾರಿ ಕೆಟ್ಟರೂ ಸೆಲ್ಫ್ ತಿರುಗುವುದಿಲ್ಲ.

*ಸಣ್ಣ ದಾರಿ:* ಬ್ಯಾಟರಿಯಿಂದ ಫ್ಯೂಸ್, ಕೀ ಸ್ವಿಚ್, ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡುವ ಸೇಫ್ಟಿ ಸ್ವಿಚ್, ಕೆಲವು ಗಾಡಿಗಳಲ್ಲಿ ಒಂದು ರಿಲೇ, ಕೊನೆಗೆ ಸೆಲ್ಫ್ ಮೇಲಿನ ಸೊಲೆನಾಯ್ಡ್. ಇದು ಅಪ್ಪಣೆ ಕೊಡುವ ದಾರಿ. ಅಪ್ಪಣೆ ಸಿಕ್ಕ ಕೂಡಲೇ ಸೊಲೆನಾಯ್ಡ್ "ಟಕ್" ಎಂದು ಎಳೆದುಕೊಂಡು ದಪ್ಪ ದಾರಿಯ ಬಾಗಿಲು ತೆರೆಯುತ್ತದೆ.

"ಲೈಟು ಚೆನ್ನಾಗಿ ಉರಿಯುತ್ತೆ, ಹಾರ್ನ್ ಹೊಡೆಯುತ್ತೆ, ಬ್ಯಾಟರಿ ಸರಿ ಇದೆ" ಎಂದು ಹಲವರು ವಾದ ಮಾಡುತ್ತಾರೆ. ಈ ಮಾತು ಪೂರ್ತಿ ನಂಬುವಂಥದ್ದಲ್ಲ. ಒಂದು ಹೆಡ್‌ಲೈಟಿಗೆ 4-5 ಆಂಪಿಯರ್ ಕರೆಂಟು ಸಾಕು. ಸೆಲ್ಫ್‌ಗೆ ನೂರಾರು ಆಂಪಿಯರ್ ಬೇಕು. ಕೇಬಲ್ ತುದಿಯ ತುಕ್ಕಿನಲ್ಲಿ ಒಂದು ಓಮ್‌ನ ನೂರರಲ್ಲಿ ಒಂದು ಪಾಲು ತಡೆ ಇದೆ ಎನ್ನಿ. ಲೈಟಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ 300 ಆಂಪಿಯರ್ ಹರಿಯಬೇಕಾದಾಗ ಅದೇ ತುಕ್ಕು 3 ವೋಲ್ಟ್ ನುಂಗಿಬಿಡುತ್ತದೆ. 12ರಲ್ಲಿ 3 ಹೋದರೆ ಸೆಲ್ಫ್‌ಗೆ ಶಕ್ತಿ ಎಲ್ಲಿಂದ? ಕಾಲುದಾರಿಯಲ್ಲಿ ಒಬ್ಬರು ನಡೆದು ಹೋಗಬಹುದು. ಜಾತ್ರೆಯ ಗಾಡಿಗಳೆಲ್ಲ ಅಲ್ಲೇ ನುಗ್ಗಿದರೆ ಸಿಕ್ಕಿಹಾಕಿಕೊಳ್ಳುತ್ತವೆ, ಹಾಗೇ ಇದು.

3. ಮುಟ್ಟುವ ಮೊದಲು

ಇದನ್ನು ಓದದೆ ಮುಂದಕ್ಕೆ ಹೋಗಬೇಡಿ.

- ಗಾಡಿ ಸಮತಟ್ಟು ಜಾಗದಲ್ಲಿ ಇರಲಿ. ಬ್ಲೇಡ್ ನೆಲಕ್ಕೆ ಇಳಿಸಿರಲಿ, ಗೇರ್ ನ್ಯೂಟ್ರಲ್‌ನಲ್ಲಿ ಇರಲಿ, ಬ್ರೇಕ್ ಹಾಕಿರಲಿ. ಟ್ರ್ಯಾಕ್ಟರ್ ಆದರೆ ಚಕ್ರಕ್ಕೆ ಕಲ್ಲು ಕೊಡಿ.
- ಕೀ ತಿರುಗಿಸುವವರು ಸೀಟಿನ ಮೇಲೆ ಕೂತೇ ತಿರುಗಿಸಬೇಕು. ಗಾಡಿಯ ಮುಂದೆ, ಹಿಂದೆ, ಚೈನ್ ಪಕ್ಕ ಯಾರೂ ನಿಲ್ಲಬಾರದು. ಮಕ್ಕಳನ್ನು ದೂರ ಕಳಿಸಿ.
- ಬಳೆ, ಉಂಗುರ, ಸರ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಲೋಹದ ಬಳೆ ಬ್ಯಾಟರಿಯ ಎರಡು ತುದಿಗೆ ತಗುಲಿದರೆ ಕ್ಷಣದಲ್ಲಿ ಕೆಂಪಗೆ ಕಾದು ಕೈ ಸುಡುತ್ತದೆ. ಸೆರಗು, ದುಪಟ್ಟಾ ಬಿಗಿಯಾಗಿ ಸಿಕ್ಕಿಸಿ. ಜಡೆ ಕಟ್ಟಿಕೊಳ್ಳಿ. ಫ್ಯಾನ್ ಬೆಲ್ಟಿಗೆ ಗಂಡು ಹೆಣ್ಣು ಗೊತ್ತಿಲ್ಲ.
- ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರುತ್ತದೆ. ಅದಕ್ಕೆ ಬೆಂಕಿ ತಗುಲಿದರೆ ಬ್ಯಾಟರಿ ಸಿಡಿಯುತ್ತದೆ. ನೀರು ಎಷ್ಟಿದೆ ನೋಡಲು ಬೆಂಕಿಕಡ್ಡಿ ಗೀರಬೇಡಿ. ಹತ್ತಿರ ಬೀಡಿ ಬೇಡವೇ ಬೇಡ.
- ಬ್ಯಾಟರಿಯೊಳಗೆ ಇರುವುದು ಗಂಧಕಾಮ್ಲ. ಮೈಮೇಲೆ ಬಿದ್ದರೆ ಧಾರಾಳ ನೀರಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ನೀರು ಹಾಯಿಸಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ.
- ಕೇಬಲ್ ಬಿಚ್ಚುವಾಗ ಮೈನಸ್ ಮೊದಲು. ಹಾಕುವಾಗ ಮೈನಸ್ ಕೊನೆಗೆ. ಇದನ್ನು ಬಾಯಿಪಾಠ ಮಾಡಿ.

ಬೇಕಾದ ಸಾಮಾನು: ಸ್ಪ್ಯಾನರ್, ತಂತಿ ಬ್ರಷ್, ಉಪ್ಪು ಕಾಗದ, ಅಡುಗೆ ಸೋಡಾ, ಡಿಸ್ಟಿಲ್ಡ್ ವಾಟರ್, ಎರಡು ತಂತಿ ಕಟ್ಟಿದ ಗಾಡಿ ಬಲ್ಬು, ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್. ಮೀಟರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಸಂಘಕ್ಕೆ ಒಂದು ಇದ್ದರೆ ಸಾಕು, ಎಲ್ಲರ ಮನೆಗೂ ಆಗುತ್ತದೆ.

4. ಗಾಡಿಯ ಮಾತು ಕೇಳಿ

ಕೀ ತಿರುಗಿಸಿದಾಗ ಬರುವ ಸದ್ದಿನಲ್ಲೇ ಅರ್ಧ ಉತ್ತರ ಇದೆ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಇದನ್ನು ಗಮನಿಸಿ.

(ಅ) *ಏನೂ ಇಲ್ಲ, ಲೈಟೂ ಇಲ್ಲ.* ಬ್ಯಾಟರಿ ಪೂರಾ ಇಳಿದಿದೆ, ಇಲ್ಲವೇ ಕೇಬಲ್ ಬಿಟ್ಟುಹೋಗಿದೆ, ಇಲ್ಲವೇ ಮುಖ್ಯ ಫ್ಯೂಸ್ ಹೋಗಿದೆ. ಕಟ್‌ಆಫ್ ಸ್ವಿಚ್ ಇರುವ ಗಾಡಿಯಾದರೆ ಅದು ಆಫ್ ಆಗಿದೆಯೇ ನೋಡಿ.

(ಆ) *ಲೈಟು ಇದೆ, ಸದ್ದೇ ಇಲ್ಲ.* ಸಣ್ಣ ದಾರಿಯ ತೊಂದರೆ. ಕೀ ಸ್ವಿಚ್, ನ್ಯೂಟ್ರಲ್ ಸೇಫ್ಟಿ ಸ್ವಿಚ್, ರಿಲೇ, ಸೊಲೆನಾಯ್ಡ್‌ಗೆ ಹೋಗುವ ಸಣ್ಣ ತಂತಿ.

(ಇ) *ಒಂದೇ ಸಲ "ಟಕ್" ಅಂದು ಸುಮ್ಮನಾಗುತ್ತೆ.* ಅಪ್ಪಣೆ ತಲುಪಿದೆ, ದಪ್ಪ ದಾರಿಯಲ್ಲಿ ತಡೆ ಇದೆ. ಟರ್ಮಿನಲ್, ಅರ್ಥಿಂಗ್, ಸೊಲೆನಾಯ್ಡ್ ಒಳಗಿನ ಕಾಂಟ್ಯಾಕ್ಟ್, ಸೆಲ್ಫ್‌ನ ಕಾರ್ಬನ್ ಬ್ರಷ್ ಇವುಗಳಲ್ಲಿ ಒಂದು. ಅಪರೂಪಕ್ಕೆ ಇಂಜಿನ್ನೇ ಜಾಮ್ ಆಗಿರಬಹುದು.

(ಈ) *"ಟಕ ಟಕ ಟಕ" ಅನ್ನುತ್ತೆ.* ಹೆಚ್ಚಾಗಿ ಬ್ಯಾಟರಿಯಲ್ಲಿ ಶಕ್ತಿ ಇಲ್ಲ, ಇಲ್ಲವೇ ಟರ್ಮಿನಲ್ ಸಡಿಲ.

(ಉ) *ನಿಧಾನವಾಗಿ "ಊಂ... ಊಂ..." ಎಂದು ತಿರುಗುತ್ತೆ.* ಬ್ಯಾಟರಿ ಸೊರಗಿದೆ, ಇಲ್ಲವೇ ಹಳಬರು ಅಗ್ಗದ ಸಣ್ಣ ಕೇಬಲ್ ಹಾಕಿದ್ದಾರೆ, ಇಲ್ಲವೇ ಸೆಲ್ಫ್ ಸವೆದಿದೆ.

(ಊ) *"ಜರ್‌ರ್" ಎಂದು ಸೆಲ್ಫ್ ಮಾತ್ರ ತಿರುಗುತ್ತೆ, ಇಂಜಿನ್ ತಿರುಗಲ್ಲ.* ಸೆಲ್ಫ್‌ನ ಬೆಂಡಿಕ್ಸ್ ಗೇರ್ ಅಥವಾ ಫ್ಲೈವೀಲ್ ಹಲ್ಲು ಸವೆದಿದೆ. ಇದು ಮೆಕ್ಯಾನಿಕ್ ಕೆಲಸ.

(ಋ) *ಇಂಜಿನ್ ಚೆನ್ನಾಗಿ ತಿರುಗುತ್ತೆ, ಹತ್ತಿಕೊಳ್ಳಲ್ಲ.* ಇಲ್ಲಿ ಸೆಲ್ಫ್, ಬ್ಯಾಟರಿ ತಪ್ಪಿಲ್ಲ. ಡೀಸೆಲ್ ಇದೆಯೇ, ಪೈಪಿನಲ್ಲಿ ಗಾಳಿ ಹಿಡಿದಿದೆಯೇ, ಸ್ಟಾಪ್ ಎಳೆದು ಹಾಗೇ ಬಿಟ್ಟಿದ್ದಾರೆಯೇ ನೋಡಿ. ಕೆಲವು ಗಾಡಿಗಳಲ್ಲಿ ಡೀಸೆಲ್ ಬಿಡುವ ಒಂದು ಸೊಲೆನಾಯ್ಡ್ ಇರುತ್ತದೆ. ಅದಕ್ಕೆ ಕರೆಂಟು ಬರದಿದ್ದರೂ ಇಂಜಿನ್ ಹತ್ತಿಕೊಳ್ಳುವುದಿಲ್ಲ.

ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ. ಒಂದು ಸಲಕ್ಕೆ ಹತ್ತು ಸೆಕೆಂಡು ಸಾಕು. ಆಮೇಲೆ ಎರಡು ನಿಮಿಷ ಬಿಡಿ. ಹಟ ಹಿಡಿದು ಹೊಡೆದರೆ ಸೆಲ್ಫ್ ಒಳಗೇ ಸುಟ್ಟುಹೋಗುತ್ತದೆ. ಆಗ ಸಣ್ಣ ತೊಂದರೆ ದೊಡ್ಡ ಖರ್ಚಾಗುತ್ತದೆ.

5. ಮೊದಲ ಹೆಜ್ಜೆ: ಬ್ಯಾಟರಿ

ಕಣ್ಣಲ್ಲಿ ನೋಡಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಹುಡಿ ಕೂತಿದೆಯೇ? ಕೈಯಲ್ಲಿ ತಿರುಗಿಸಿದರೆ ಅಲ್ಲಾಡುತ್ತದೆಯೇ? ಅಲ್ಲಾಡಿದರೆ ತಪ್ಪು ಅಲ್ಲೇ ಇರಬಹುದು. ಕೇಬಲ್ ಬಿಚ್ಚಿ (ಮೈನಸ್ ಮೊದಲು), ಬಿಸಿನೀರಿಗೆ ಅಡುಗೆ ಸೋಡಾ ಕದಡಿ ಹುಡಿಯ ಮೇಲೆ ಹಾಕಿ. ಬುರುಬುರು ನೊರೆ ಬಂದು ಹುಡಿ ಕರಗುತ್ತದೆ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ. ಒಣಗಿಸಿ, ಬ್ರಷ್‌ನಿಂದ ಹೊಳೆಯುವ ಹಾಗೆ ಉಜ್ಜಿ, ಬಿಗಿ ಮಾಡಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ.

ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಒಳಗಿನ ತಟ್ಟೆಗಳು ನೀರಲ್ಲಿ ಮುಳುಗಿರಬೇಕು. ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಗುರುತಿನ ತನಕ ಹಾಕಿ. ಬೋರ್‌ವೆಲ್ ನೀರು ಹಾಕಿದರೆ ಅದರ ಉಪ್ಪಿನಂಶ ಬ್ಯಾಟರಿ ಕೆಡಿಸುತ್ತದೆ. ಆಸಿಡ್ ಹಾಕುವುದೂ ತಪ್ಪು.

ಈಗ ಮೀಟರ್ ತೆಗೆದುಕೊಳ್ಳಿ. ಡಿಸಿ ವೋಲ್ಟ್ 20ಕ್ಕೆ ತಿರುಗಿಸಿ. ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ. ಗಾಡಿ ಕೆಲವು ಗಂಟೆ ನಿಂತಿದ್ದ ಮೇಲೆ ನೋಡಿದರೆ ಲೆಕ್ಕ ಸರಿಯಾಗಿ ಬರುತ್ತದೆ.

- 12.6 ಅಥವಾ ಹೆಚ್ಚು: ತುಂಬಿದೆ
- 12.4: ಮುಕ್ಕಾಲು
- 12.2: ಅರ್ಧ
- 12.0: ಕಾಲು ಭಾಗ, ಚಾರ್ಜ್ ಮಾಡಿಸಿ
- 10.5ರ ಹತ್ತಿರ ನಿಂತು, ಚಾರ್ಜ್ ಮಾಡಿದರೂ ಏರದಿದ್ದರೆ: ಆರು ಕೋಣೆಗಳಲ್ಲಿ ಒಂದು ಸತ್ತಿರುವ ಸಂಭವ ಹೆಚ್ಚು

ವಿಶ್ರಾಂತಿಯಲ್ಲಿ 12.6 ತೋರಿಸಿದ ಮಾತ್ರಕ್ಕೆ ಬ್ಯಾಟರಿ ಗಟ್ಟಿ ಅನ್ನಲಾಗದು. ಭಾರ ಹೊತ್ತಾಗ ಗೊತ್ತಾಗುತ್ತೆ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಮೀಟರ್ ನೋಡಲಿ. ಆಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಸಂಶಯ. ತುಂಬ ಚಾರ್ಜ್ ಮಾಡಿಸಿ ಮತ್ತೊಮ್ಮೆ ನೋಡಿ. ಆಗಲೂ ಬಿದ್ದರೆ ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ. ಆಮೇಲಷ್ಟೇ ಹೊಸದರ ಮಾತು.

ಕೆಲವು ಚೈನ್ ಡೋಜರ್‌ಗಳಲ್ಲಿ ಎರಡು ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಮೀಟರನ್ನು ಬೇರೆ ಬೇರೆಯಾಗಿ ಎರಡಕ್ಕೂ ಹಿಡಿದು ನೋಡಿ. ಒಂದು 12.6, ಇನ್ನೊಂದು 11 ಇದ್ದರೆ ಕಳ್ಳ ಸಿಕ್ಕಿದ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಗಾಡಿ ಸಾಗದು. ಬದಲಿಸುವಾಗಲೂ ಒಂದು ಹೊಸತು, ಒಂದು ಹಳತು ಕಟ್ಟಬೇಡಿ.

6. ಎರಡನೇ ಹೆಜ್ಜೆ: ದಪ್ಪ ಕೇಬಲ್ ಮತ್ತು ಅರ್ಥಿಂಗ್

ಬ್ಯಾಟರಿ ಸರಿ ಇದ್ದೂ ಸೆಲ್ಫ್ "ಟಕ್" ಎಂದರೆ ಈ ಪರೀಕ್ಷೆ ಮಾಡಿ. ಸ್ಟಾಪ್ ಎಳೆದಿಡಿ, ಇಂಜಿನ್ ಹತ್ತಿಕೊಳ್ಳಬಾರದು. ಸೆಲ್ಫ್ ಹತ್ತಿರ ಕಡ್ಡಿ ಹಿಡಿಯುವುದನ್ನು ಡ್ರೈವರ್ ಅಥವಾ ಮೆಕ್ಯಾನಿಕ್ ಮಾಡಲಿ, ನೀವು ಮೀಟರ್ ಓದಿ ಬರೆದುಕೊಳ್ಳಿ.

1. ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಕಪ್ಪು ಕಡ್ಡಿ ಸೊಲೆನಾಯ್ಡ್‌ನಲ್ಲಿ ಬ್ಯಾಟರಿ ಕೇಬಲ್ ಬಂದು ಸೇರುವ ದಪ್ಪ ಬೋಲ್ಟಿನ ಮೇಲೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಪ್ಲಸ್ ಕೇಬಲ್ಲಿನಲ್ಲಿ ತಡೆ ಇದೆ.

2. ಕೆಂಪು ಕಡ್ಡಿ ಸೆಲ್ಫ್‌ನ ಮೈಗೆ (ಬಣ್ಣ ಇಲ್ಲದ ಲೋಹದ ಜಾಗ), ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ. 0.3 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥಿಂಗ್ ತಪ್ಪು.

3. ಈ ಎರಡೂ ಸರಿ ಇದ್ದರೆ ಸೊಲೆನಾಯ್ಡ್‌ನ ಎರಡು ದಪ್ಪ ಬೋಲ್ಟುಗಳ ನಡುವೆ ನೋಡಿ. "ಟಕ್" ಅಂದ ಮೇಲೂ ಬ್ಯಾಟರಿಯಷ್ಟೇ ವೋಲ್ಟ್ ತೋರಿಸುತ್ತಿದ್ದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಸೊಲೆನಾಯ್ಡ್ ಒಂದನ್ನೇ ಬದಲಿಸಿದರೆ ಸಾಕಾಗಬಹುದು, ಪೂರಾ ಸೆಲ್ಫ್ ಬೇಕಿಲ್ಲ.

ಹಳೇ ಡೋಜರ್‌ನಲ್ಲಿ ಅರ್ಥಿಂಗ್ ಕಡೆ ವಿಶೇಷ ಗಮನ ಕೊಡಿ. ಮಣ್ಣಿನಲ್ಲೇ ಉರುಳಾಡುವ ಗಾಡಿ. ಎರೆಮಣ್ಣು ಕೆಸರಾಗಿ ಕೇಬಲ್ ತುದಿಗೆ ಅಂಟಿ, ಒಣಗಿ, ಕೆಳಗೆ ತುಕ್ಕು ಹಿಡಿಯುತ್ತದೆ. ಅಲುಗಾಟಕ್ಕೆ ಬೋಲ್ಟು ಸಡಿಲವಾಗುತ್ತದೆ. ಮಾರುವವರು ಚೆಂದ ಕಾಣಲಿ ಎಂದು ಚಾಸಿಗೆ ಹೊಸ ಬಣ್ಣ ಬಳಿದು, ಬಣ್ಣದ ಮೇಲೆಯೇ ಅರ್ಥಿಂಗ್ ಬೋಲ್ಟು ಬಿಗಿದಿರುವುದೂ ಉಂಟು. ಬಣ್ಣದ ಮೂಲಕ ಕರೆಂಟು ಹರಿಯದು. ಬಿಚ್ಚಿ, ಬಣ್ಣ ಕೆರೆದು, ಲೋಹಕ್ಕೆ ಲೋಹ ಕೂರುವಂತೆ ಬಿಗಿ ಮಾಡಿ. ಕೇಬಲ್ಲಿನ ರಬ್ಬರ್ ಉಬ್ಬಿದ್ದರೆ ಅಥವಾ ಸೆಲ್ಫ್ ಹೊಡೆದ ಮೇಲೆ ಒಂದು ತುದಿ ಮಾತ್ರ ಬಿಸಿಯಾಗಿದ್ದರೆ ತಡೆ ಅಲ್ಲೇ ಇದೆ.

7. ಮೂರನೇ ಹೆಜ್ಜೆ: ಸಣ್ಣ ತಂತಿ

ಲೈಟು ಇದ್ದು ಸದ್ದೇ ಇಲ್ಲದಿದ್ದರೆ ಈ ದಾರಿ ಹಿಡಿಯಿರಿ.

ಮೊದಲು ದುಡ್ಡಿಲ್ಲದ ಕೆಲಸ: ಗೇರ್ ಲಿವರ್ ಒಮ್ಮೆ ಅಲ್ಲಾಡಿಸಿ ಮತ್ತೆ ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಪೂರಾ ಒತ್ತಿ. ಸೇಫ್ಟಿ ಸ್ವಿಚ್ ಸರಿಯಾಗಿ ಕೂರದೆ ಇರುವುದು ಹಳೇ ಗಾಡಿಯಲ್ಲಿ ಮಾಮೂಲು. ಆಮೇಲೆ ಫ್ಯೂಸ್ ತೆಗೆದು ನೋಡಿ. ಕರಗಿದ್ದರೆ ಅಷ್ಟೇ ಆಂಪಿಯರಿನ ಫ್ಯೂಸ್ ಹಾಕಿ. ಬೆಳ್ಳಿ ಕಾಗದ, ತಾಮ್ರದ ತಂತಿ ಸುತ್ತಬೇಡಿ. ಫ್ಯೂಸ್ ಮತ್ತೆ ಹೋದರೆ ತಂತಿ ಎಲ್ಲೋ ಚಾಸಿಗೆ ತಗುಲಿದೆ ಎಂದರ್ಥ. ಅದನ್ನು ಹುಡುಕದೆ ದಪ್ಪ ತಂತಿ ಹಾಕಿದರೆ ಗಾಡಿಗೇ ಬೆಂಕಿ.

ಬಳಿಕ ಬಲ್ಬು. ಒಂದು ತಂತಿ ಚಾಸಿಗೆ ಹಿಡಿದು, ಇನ್ನೊಂದನ್ನು ಸೊಲೆನಾಯ್ಡ್‌ನ ಸಣ್ಣ ತಂತಿ ಸೇರುವ ಜಾಗಕ್ಕೆ ತಾಗಿಸಿ. ಕೀ ಸ್ಟಾರ್ಟ್‌ಗೆ ತಿರುಗಿಸಿದಾಗ ಬಲ್ಬು ಚೆನ್ನಾಗಿ ಉರಿದರೆ ಅಪ್ಪಣೆ ಅಲ್ಲಿಯ ತನಕ ಬಂದಿದೆ, ತಪ್ಪು ಸೊಲೆನಾಯ್ಡ್‌ನದ್ದು. ಉರಿಯದಿದ್ದರೆ ಹಿಂದಕ್ಕೆ ಬನ್ನಿ: ರಿಲೇ, ಸೇಫ್ಟಿ ಸ್ವಿಚ್, ಕೀ ಸ್ವಿಚ್. ಎಲ್ಲಿಯ ತನಕ ಉರಿಯುತ್ತದೋ ಅಲ್ಲಿಯ ತನಕ ದಾರಿ ಸರಿ. ಉರಿಯುವ ಜಾಗಕ್ಕೂ ಉರಿಯದ ಜಾಗಕ್ಕೂ ನಡುವೆ ತಪ್ಪು. 24 ವೋಲ್ಟ್ ಗಾಡಿಗೆ 24 ವೋಲ್ಟಿನ ಬಲ್ಬು ಬೇಕು.

ಇಲಿ ಕಡಿದ ತಂತಿಯನ್ನೂ ಮರೆಯಬೇಡಿ. ಕಣದ ಹತ್ತಿರ, ಹುಲ್ಲಿನ ಬಣವೆ ಪಕ್ಕ ನಿಲ್ಲಿಸಿದ ಗಾಡಿಯಲ್ಲಿ ಇಲಿ ಗೂಡು ಕಟ್ಟುತ್ತದೆ. ಟೇಪು ಸುತ್ತಿ ಸುತ್ತಿ ಗಂಟಾದ ಜಾಯಿಂಟುಗಳನ್ನು ಒಂದೊಂದಾಗಿ ಎಳೆದು ನೋಡಿ.

8. ಸೆಲ್ಫ್ ಬಿಚ್ಚುವುದು ಯಾವಾಗ?

ಬ್ಯಾಟರಿ ಗಟ್ಟಿ, ಕೇಬಲ್ ಸರಿ, ಅಪ್ಪಣೆ ಬಂದಿದೆ, ಸೊಲೆನಾಯ್ಡ್ ದಾಟಿ ಮೋಟರಿನ ಬೋಲ್ಟಿಗೂ ಪೂರಾ ವೋಲ್ಟ್ ಬಂದಿದೆ, ಆದರೂ ತಿರುಗದು ಎಂದಾದಾಗ ಮಾತ್ರ. ಕಾರ್ಬನ್ ಬ್ರಷ್ ಸವೆದಿದ್ದರೆ ಬ್ರಷ್ ಬದಲಿಸುತ್ತಾರೆ. ಬುಷ್ ಸವೆದು ಆರ್ಮೇಚರ್ ತಿಕ್ಕುತ್ತಿದ್ದರೆ ಬುಷ್ ಹಾಕುತ್ತಾರೆ. ಆರ್ಮೇಚರ್ ಸುಟ್ಟಿದ್ದರೆ ಮಾತ್ರ ದೊಡ್ಡ ಖರ್ಚು. "ಅಣ್ಣಾ, ಹಳೇ ಬ್ರಷ್ ತೋರಿಸಿ, ಬಿಚ್ಚಿದ ಸಾಮಾನು ನಮಗೇ ಕೊಡಿ" ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನೀವು ಬರೆದಿಟ್ಟ ವೋಲ್ಟ್ ಲೆಕ್ಕ ತೋರಿಸಿದರೆ ಅವರ ಕೆಲಸವೂ ಬೇಗ ಮುಗಿಯುತ್ತದೆ.

9. ರಾತ್ರಿ ಬೆಳಗಾಗುವುದರಲ್ಲಿ ಬ್ಯಾಟರಿ ಇಳಿದರೆ

ಎರಡು ಕಾರಣ ಇರಬಹುದು. ಒಂದು, ಆಲ್ಟರ್ನೇಟರ್ (ಹಳಬರ ಬಾಯಲ್ಲಿ ಡೈನಮೋ) ತುಂಬಿಸುತ್ತಿಲ್ಲ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಇರಬೇಕು, 24 ವೋಲ್ಟ್ ಗಾಡಿಯಲ್ಲಿ ಅದರ ಎರಡರಷ್ಟು. 12.5ರಲ್ಲೇ ನಿಂತಿದ್ದರೆ ಚಾರ್ಜ್ ಇಲ್ಲ. ಇಂಜಿನ್ ನಿಲ್ಲಿಸಿ ಬೆಲ್ಟ್ ಸಡಿಲವೇ ನೋಡಿ. 15 ದಾಟಿದರೆ ಚಾರ್ಜ್ ಅತಿಯಾಗಿದೆ, ಬ್ಯಾಟರಿ ಬೇಗ ಒಣಗಿ ಹಾಳಾಗುತ್ತದೆ.

ಇನ್ನೊಂದು, ಕಳ್ಳ ಕರೆಂಟು. ಕೀ ಆಫ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಮೈನಸ್ ಕಂಬಕ್ಕೂ ನಡುವೆ ಬಲ್ಬು ಹಿಡಿಯಿರಿ. ಬಲ್ಬು ಉರಿದರೆ ಎಲ್ಲೋ ಸೋರುತ್ತಿದೆ. ಒಂದೊಂದೇ ಫ್ಯೂಸ್ ತೆಗೆಯುತ್ತಾ ಬನ್ನಿ, ಯಾವುದು ತೆಗೆದಾಗ ಬಲ್ಬು ಆರುತ್ತದೋ ತಪ್ಪು ಆ ಸಾಲಿನಲ್ಲಿದೆ. ಯಾವುದಕ್ಕೂ ಆರದಿದ್ದರೆ ಆಲ್ಟರ್ನೇಟರ್ ಕಡೆ ಸಂಶಯ. ಒಂದು ಕಟ್‌ಆಫ್ ಸ್ವಿಚ್ ಹಾಕಿಸಿ ರಾತ್ರಿ ಆಫ್ ಮಾಡಿದರೆ ಬ್ಯಾಟರಿಯೂ ಉಳಿಯುತ್ತದೆ, ಬೆಂಕಿಯ ಭಯವೂ ಕಡಿಮೆ.

10. ಪ್ರಾಣ ತೆಗೆಯುವ ಅಡ್ಡದಾರಿ

ಇದನ್ನು ಮನೆಯ ಗಂಡಸರಿಗೂ ಓದಿ ಹೇಳಿ. ಸೆಲ್ಫ್ ತಗೊಳ್ಳದಿದ್ದಾಗ ಕೆಳಗೆ ನಿಂತು ಸ್ಕ್ರೂಡ್ರೈವರ್‌ನಿಂದ ಸೆಲ್ಫ್‌ನ ಬೋಲ್ಟುಗಳನ್ನು ಒಂದಕ್ಕೊಂದು ತಾಗಿಸಿ ಸ್ಟಾರ್ಟ್ ಮಾಡುವ ರೂಢಿ ಇದೆ. ಹೀಗೆ ಮಾಡಿದಾಗ ನ್ಯೂಟ್ರಲ್ ಸೇಫ್ಟಿ ಸ್ವಿಚ್ ಕೆಲಸಕ್ಕೆ ಬರುವುದಿಲ್ಲ. ಗಾಡಿ ಗೇರಿನಲ್ಲಿದ್ದರೆ ಇಂಜಿನ್ ಹತ್ತಿದ ಕೂಡಲೇ ಮುಂದಕ್ಕೆ ನುಗ್ಗುತ್ತದೆ. ನಿಂತವರು ಇರುವುದು ಚಕ್ರದ ಅಥವಾ ಚೈನಿನ ಪಕ್ಕದಲ್ಲೇ. ತಪ್ಪಿಸಿಕೊಳ್ಳಲು ಸಮಯ ಇರುವುದಿಲ್ಲ. ಬೇರೆ ಬೇರೆ ದೇಶಗಳಲ್ಲಿ ಟ್ರ್ಯಾಕ್ಟರ್ ಹರಿದು ಸತ್ತವರಲ್ಲಿ ಹೀಗೆ ಸ್ಟಾರ್ಟ್ ಮಾಡಲು ಹೋದವರೂ ಇದ್ದಾರೆ. ಸೇಫ್ಟಿ ಸ್ವಿಚ್‌ನ ತಂತಿ ಕಿತ್ತು ನೇರ ಜೋಡಿಸುವುದೂ ಅಷ್ಟೇ ಅಪಾಯ. ಒಂದು ಸ್ವಿಚ್ಚಿನ ಬೆಲೆ ಒಂದು ಮನೆಯ ದೀಪಕ್ಕಿಂತ ಹೆಚ್ಚಲ್ಲ.

ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ಬಿಟ್ಟು ಸ್ಟಾರ್ಟ್ ಮಾಡುವವರಿದ್ದಾರೆ. ಚೈನ್ ಡೋಜರ್ ಹಾಗಲ್ಲ, ಅಷ್ಟು ಭಾರದ ಯಂತ್ರವನ್ನು ತಳ್ಳಲೂ ಆಗದು. ಆದ್ದರಿಂದಲೇ ಅದರ ಬ್ಯಾಟರಿ, ಸೆಲ್ಫ್ ದಿನವೂ ಸರಿ ಇರಬೇಕು.

ಬೇರೆ ಗಾಡಿಯ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವುದಾದರೆ: ಎರಡೂ ಒಂದೇ ವೋಲ್ಟ್ ಇರಲಿ. 12ರ ಗಾಡಿಗೆ 24 ಕೊಡಬೇಡಿ. ಕೆಂಪು ಕೇಬಲ್ ಇಳಿದ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಕೆಟ್ಟ ಗಾಡಿಯ ಇಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರ. ತೆಗೆಯುವಾಗ ಇದರ ಉಲ್ಟಾ.

11. ಸಾಲ ಕೊಡುವ ಮೊದಲು

ಹಳೇ ಡೋಜರ್‌ಗೆ ಸದಸ್ಯೆಯೊಬ್ಬರು ಸಾಲ ಕೇಳಿದರೆ ಗಾಡಿ ನೋಡಲು ಸಂಘದಿಂದ ಇಬ್ಬರು ಹೋಗಿ. ಮೀಟರ್ ಚೀಲದಲ್ಲಿರಲಿ.

- "ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಮಾರುವವರಿಗೆ ಮೊದಲೇ ಹೇಳಿ. ಹೋದ ಕೂಡಲೇ ಇಂಜಿನ್ ಹತ್ತಿರ ಕೈ ಹಿಡಿದು ನೋಡಿ. ಬಿಸಿ ಇದ್ದರೆ ಆಗಲೇ ಹೊಡೆದಿದ್ದಾರೆ. ತಣ್ಣಗಿದ್ದಾಗ ಸ್ಟಾರ್ಟ್ ಆಗುವುದೇ ನಿಜವಾದ ಪರೀಕ್ಷೆ.
- ಸ್ಟಾರ್ಟ್ ಮಾಡುವ ಮೊದಲು, ಸೆಲ್ಫ್ ಹೊಡೆಯುವಾಗ, ಓಡುವಾಗ ಹೀಗೆ ಮೂರು ಸಲ ವೋಲ್ಟ್ ಬರೆದುಕೊಳ್ಳಿ.
- ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಬಿಸಿಯಾಗಿದ್ದಾಗ ಮತ್ತೆ ಸ್ಟಾರ್ಟ್ ಮಾಡಿಸಿ. ಕೆಲವು ಸೆಲ್ಫ್‌ಗಳು ಬಿಸಿಗೆ ಕೈಕೊಡುತ್ತವೆ.
- ಬ್ಯಾಟರಿ ಮೇಲಿನ ತಾರೀಖು, ಟೇಪು ಸುತ್ತಿದ ತಂತಿ, ಸೇಫ್ಟಿ ಸ್ವಿಚ್ ಇದೆಯೋ ಕಿತ್ತಿದ್ದಾರೋ ನೋಡಿ.
- ಗಾಡಿಯ ದಾಖಲೆ, ಬಿಲ್ಲು, ಇನ್ಶೂರೆನ್ಸ್, ಹಳೇ ಸಾಲ ತೀರಿದ ಪತ್ರ ಕೇಳಿ.

ಸಿಕ್ಕ ಕೊರತೆಗಳ ಪಟ್ಟಿ ಮಾಡಿದರೆ ಬೆಲೆ ಮಾತಾಡಲು ಕೈಯಲ್ಲಿ ಆಧಾರ ಇರುತ್ತದೆ.

12. ಗಾಡಿಗೂ ಒಂದು ಪುಸ್ತಕ

ಸಂಘಕ್ಕೆ ನಡಾವಳಿ ಪುಸ್ತಕ ಇರುವ ಹಾಗೆ ಗಾಡಿಗೂ ಒಂದು ನೋಟ್‌ಬುಕ್ ಇಡಿ. ವಾರಕ್ಕೊಮ್ಮೆ ಬ್ಯಾಟರಿ ವೋಲ್ಟ್, ನೀರಿನ ಮಟ್ಟ, ಟರ್ಮಿನಲ್ ಬಿಗಿ, ಬೆಲ್ಟ್ ಬಿಗಿ ನೋಡಿ ಬರೆಯಿರಿ. ಏನು ಬದಲಿಸಿದಿರಿ, ಯಾವ ದಿನ, ಎಷ್ಟು ದುಡ್ಡು, ಎಷ್ಟು ದಿನ ಗ್ಯಾರಂಟಿ ಎಲ್ಲವೂ ಇರಲಿ. ವೋಲ್ಟ್ ವಾರವಾರ ಇಳಿಯುತ್ತಾ ಬಂದರೆ ಗಾಡಿ ಹೊಲದಲ್ಲಿ ನಿಲ್ಲುವ ಮೊದಲೇ ಗೊತ್ತಾಗುತ್ತದೆ. ಅಂತರಘಟ್ಟೆ ಜಾತ್ರೆಗೆ ಗಾಡಿ ಕಟ್ಟುವ ಮೊದಲು ನಮ್ಮ ಹಿರಿಯರು ಕಡಾಣಿ ನೋಡಿ, ಕೀಲೆಣ್ಣೆ ಹಾಕಿ, ಹಗ್ಗ ಎಳೆದು ಪರೀಕ್ಷಿಸುತ್ತಿದ್ದರು. ದಾರಿಯಲ್ಲಿ ನಿಂತ ಮೇಲೆ ಪರದಾಡುವುದಕ್ಕಿಂತ ಮನೆಯಲ್ಲೇ ನೋಡಿಕೊಳ್ಳುವುದು ಮೇಲು ಎಂಬುದು ಅವರಿಗೆ ತಿಳಿದಿತ್ತು.

ಸಭೆಯಲ್ಲಿ ಚರ್ಚೆಗೆ

1. ಲೈಟು ಉರಿಯುತ್ತದೆ, ಆದರೆ ಸೆಲ್ಫ್ ತಿರುಗುವುದಿಲ್ಲ. ಹೀಗೇಕೆ ಎಂದು ನಿಮ್ಮ ಮಾತಿನಲ್ಲಿ ಪಕ್ಕದವರಿಗೆ ವಿವರಿಸಿ.
2. ನಮ್ಮ ಸಂಘದ ಸಾಲದಿಂದ ಬಂದ ಯಂತ್ರಗಳು ಎಷ್ಟು? ಕಳೆದ ವರ್ಷ ಅವು ಕೆಟ್ಟು ನಿಂತ ದಿನಗಳು ಎಷ್ಟು? ನಷ್ಟದ ಲೆಕ್ಕ ಹಾಕಿ.
3. ನಮ್ಮ ಮನೆಗಳಲ್ಲಿ ಸ್ಕ್ರೂಡ್ರೈವರ್‌ನಿಂದ ಸ್ಟಾರ್ಟ್ ಮಾಡುವವರು ಇದ್ದಾರೆಯೇ? ಅವರಿಗೆ ಹೇಗೆ ಹೇಳೋಣ?

ಮುಂದಿನ ಸಭೆಯೊಳಗೆ ಮಾಡುವ ಕೆಲಸ: ಒಂದು ಮಲ್ಟಿಮೀಟರ್ ತನ್ನಿ. ಯಾರ ಮನೆಯಲ್ಲಾದರೂ ಇರುವ ಟ್ರ್ಯಾಕ್ಟರ್, ಟಿಲ್ಲರ್ ಅಥವಾ ಆಟೋ ಬ್ಯಾಟರಿಯ ವೋಲ್ಟನ್ನು ಪ್ರತಿಯೊಬ್ಬ ಸದಸ್ಯೆಯೂ ತನ್ನ ಕೈಯಾರೆ ಅಳೆದು ಪುಸ್ತಕದಲ್ಲಿ ಬರೆಯಲಿ.